ಪಾದದಿಂದ ಕಳಸದವರೆಗೆ: ಮಲೆನಾಡಿನ ಹಳೇ ಗುಡಿಗಳನ್ನು ನೋಡೋದು ಹೇಗೆ?

ಹೋದ ಚಳಿಗಾಲದಲ್ಲಿ ದೊಡ್ಡಮ್ಮನನ್ನು ಕರೆದುಕೊಂಡು ಇಕ್ಕೇರಿಗೆ ಹೋಗಿದ್ದೆ. ಅಘೋರೇಶ್ವರನಿಗೆ ಕೈಮುಗಿದು, ತೀರ್ಥ ತಗೊಂಡು, ಇನ್ನೇನು ಹೊರಡಬೇಕು ಅನ್ನುವಾಗ ಅವರು ನೆಲ ನೋಡುತ್ತಾ ನಿಂತುಬಿಟ್ಟರು.

“ಇದೇನೋ, ನೆಲದ ಮೇಲೆ ಯಾರೋ ಬೋರಲು ಮಲಗಿದ್ದಾರಲ್ಲೋ?”

“ಕೆಳದಿ ನಾಯಕರು, ದೊಡ್ಡಮ್ಮ. ದೇವರಿಗೆ ಅಡ್ಡಬಿದ್ದಿದ್ದಾರೆ.”

“ಅಯ್ಯೋ, ರಾಜರನ್ನೇ ತುಳಿದುಕೊಂಡು ಓಡಾಡಿದೆನಲ್ಲೋ ಇಷ್ಟು ವರ್ಷ!”

ದೊಡ್ಡಮ್ಮ ಮದುವೆಯಾಗಿ ಸಾಗರಕ್ಕೆ ಬಂದು ನಲವತ್ತು ವರ್ಷವಾಗಿದೆ. ಇಕ್ಕೇರಿಗೆ ಎಷ್ಟು ಸಲ ಬಂದಿದ್ದಾರೋ ಲೆಕ್ಕವಿಲ್ಲ. ಗರ್ಭಗುಡಿಯ ಎದುರಿನ ನೆಲದಲ್ಲಿ ಕೆತ್ತಿದ ಆ ಮೂವರು ಅವರ ಕಣ್ಣಿಗೆ ಬಿದ್ದಿದ್ದು ಅವತ್ತೇ. ಅವರೊಬ್ಬರೇ ಅಲ್ಲ, ನಾವೆಲ್ಲ ಹಾಗೆಯೇ. ದೂರದಿಂದ ಗೋಪುರ ನೋಡುತ್ತೇವೆ, ಒಳಗೆ ಹೋಗಿ ದೇವರನ್ನು ನೋಡುತ್ತೇವೆ, ಫೋಟೋ ತೆಗೆದುಕೊಂಡು ಬರುತ್ತೇವೆ. ನಡುವೆ ಇರುವುದೆಲ್ಲ ತಪ್ಪಿಹೋಗುತ್ತದೆ.

ಶಿವಮೊಗ್ಗ ಸುತ್ತಮುತ್ತಲಿನ ಗುಡಿಗಳನ್ನು ಸುಮಾರು ವರ್ಷಗಳಿಂದ ಸುತ್ತುತ್ತಿದ್ದೇನೆ. ಅದರಿಂದ ನನಗೆ ದಕ್ಕಿದ ಒಂದೇ ಒಂದು ಉಪಾಯವನ್ನು ಇಲ್ಲಿ ಹೇಳುತ್ತೇನೆ. ಏನನ್ನೇ ನೋಡಿ, ಕೆಳಗಿನಿಂದ ಶುರು ಮಾಡಿ. ನಮ್ಮ ಶಿಲ್ಪಿಗಳು, ಶಾಸ್ತ್ರ ಬರೆದವರು, ವಚನಕಾರರು ಎಲ್ಲರೂ ಪಾದದಿಂದಲೇ ಶುರು ಮಾಡಿದ್ದಾರೆ. ಮನುಷ್ಯರನ್ನು ವರ್ಣಿಸುವಾಗ ತಲೆಯಿಂದ ಕೆಳಗೆ ಬರಬೇಕು, ದೇವರನ್ನು ವರ್ಣಿಸುವಾಗ ಪಾದದಿಂದ ಮೇಲೆ ಹೋಗಬೇಕು ಎನ್ನುವುದು ಹಳೆಯ ಕಾವ್ಯದ ಕಟ್ಟಳೆ. ಗುಡಿ ನೋಡುವುದಕ್ಕೂ ಅದೇ ದಾರಿ.

ಹೊರಡುವ ಮುಂಚೆ

ದಿನಕ್ಕೆ ಒಂದೇ ಗುಡಿ, ಹೆಚ್ಚೆಂದರೆ ಎರಡು. ಬೆಳಗ್ಗೆ ಕೆಳದಿ, ಮಧ್ಯಾಹ್ನ ಬಳ್ಳಿಗಾವಿ, ಸಂಜೆ ಹುಂಚ ಅಂತ ಪಟ್ಟಿ ಮಾಡಿಕೊಂಡು ಹೊರಟರೆ ಮನೆಗೆ ಬರುವಷ್ಟರಲ್ಲಿ ಎಲ್ಲವೂ ಕಲಸಿಹೋಗಿರುತ್ತದೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಲ್ಲೆಲ್ಲ ಪಾಚಿ ಕಟ್ಟಿರುತ್ತದೆ, ಕಾಲು ಜಾರುತ್ತದೆ. ಕಾಡಂಚಿನ ಗುಡಿಗಳಲ್ಲಿ ಉಂಬಳದ, ಅಂದರೆ ಜಿಗಣೆಯ ಕಾಟ ಬೇರೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಇಲ್ಲ ಸಂಜೆ ನಾಲ್ಕರ ಮೇಲೆ ಹೋಗಿ. ಆಗ ಬಿಸಿಲು ಓರೆಯಾಗಿ ಬೀಳುವುದರಿಂದ ಕೆತ್ತನೆಯ ಗೆರೆಗಳು ಎದ್ದು ಕಾಣುತ್ತವೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಅದೇ ಗೋಡೆ ಸಪ್ಪೆ ಕಾಣುತ್ತದೆ. ಪೂಜೆ ನಡೆಯುವ ಗುಡಿಯಾದರೆ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಅದನ್ನೂ ನೆನಪಿಡಿ.

ಜೊತೆಗೆ ಒಂದು ಚಿಕ್ಕ ಟಾರ್ಚ್, ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಟಾರ್ಚನ್ನು ಎದುರಿನಿಂದ ಬಿಡಬೇಡಿ, ಪಕ್ಕದಿಂದ ಬಿಡಿ. ಸವೆದ ಶಾಸನದ ಅಕ್ಷರಗಳೂ ನೆರಳು ಬಿದ್ದು ಮೂಡಿ ಬರುತ್ತವೆ. ಓದಲಿಕ್ಕೆಂದು ಶಾಸನಕ್ಕೆ ಸೀಮೆಸುಣ್ಣ, ಎಣ್ಣೆ, ವಿಭೂತಿ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಲ್ಲು ಹಾಳಾಗುತ್ತದೆ.

ಮೊದಲು ಹೊರಗೆ, ಒಂದು ಸುತ್ತು

ಗುಡಿಯೊಳಗೆ ನುಗ್ಗುವ ಮೊದಲು ಹತ್ತು ಮಾರು ದೂರ ನಿಂತುಕೊಳ್ಳಿ. ಒಬ್ಬ ಮನುಷ್ಯ ಕೂತಿದ್ದಾನೆ ಅಂದುಕೊಂಡು ನೋಡಿ. ಇದು ನನ್ನ ಕಲ್ಪನೆಯಲ್ಲ. ಅಗ್ನಿಪುರಾಣ ದೇಗುಲವನ್ನು ಪುರುಷನ ದೇಹ ಎಂದೇ ಹೇಳುತ್ತದೆ. ಶಿಲ್ಪಶಾಸ್ತ್ರದ ಹೆಸರುಗಳನ್ನೇ ಕೇಳಿ. ಕೆಳಗಿನ ಜಗಲಿ ಅಧಿಷ್ಠಾನ. ಕಂಬ, ಗೋಡೆಯ ಭಾಗಕ್ಕೆ ಪಾದ ಎಂದೂ ಜಂಘಾ ಎಂದೂ ಹೆಸರು. ಜಂಘೆ ಅಂದರೆ ಕಾಲು. ಮೇಲೆ ಗ್ರೀವ, ಅಂದರೆ ಕತ್ತು. ಅದರ ಮೇಲೆ ಶಿಖರ, ಅಂದರೆ ತಲೆ. ತುದಿಗೆ ಕಳಸ. ಮುಂದೆ ಚಾಚಿದ ಭಾಗಕ್ಕೆ ಶುಕನಾಸಿ, ಗಿಳಿಯ ಮೂಗು. ಒಳಗೆ ದೇವರಿರುವ ಜಾಗ ಗರ್ಭಗುಡಿ. ದಿನಾ ಬಳಸುವ ಮಾತಾದ್ದರಿಂದ ಅದರಲ್ಲಿ ತಾಯಿಯ ಹೊಟ್ಟೆ ಇದೆ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ, ಅಲ್ವಾ?

ಆಮೇಲೆ ಕಲ್ಲು ಯಾವುದು ನೋಡಿ. ಬಳ್ಳಿಗಾವಿ, ಅಮೃತಾಪುರಗಳಲ್ಲಿ ಇರುವುದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಅದಕ್ಕೇ ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಲು ಆಗಿದೆ. ಕಂಬಗಳನ್ನು ಬುಗುರಿಯ ಹಾಗೆ ತಿರುಗಿಸಿ ಕಡೆದಿದ್ದಾರೆ. ಇಕ್ಕೇರಿಯಲ್ಲಿ ಇರುವುದು ಗಟ್ಟಿ ಕಣಶಿಲೆ. ಅಲ್ಲಿ ಅಷ್ಟು ಸಣ್ಣ ಕೆಲಸ ಹುಡುಕಬೇಡಿ. ಅದರ ಚೆಲುವು ಅಗಲದಲ್ಲಿದೆ, ಭಾರದಲ್ಲಿದೆ, ಎದುರಿಗೆ ಕಮಾನುಗಳ ಮಂಟಪದಲ್ಲಿ ಕೂತ ಆ ದೊಡ್ಡ ನಂದಿಯಲ್ಲಿದೆ.

ಸುತ್ತು ಹಾಕುವಾಗ ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಬರುವ ಕಲ್ಲಿನ ತೂಬು ಸಿಗುತ್ತದೆ. ಹೆಚ್ಚಿನ ಕಡೆ ಮೊಸಳೆಯಂಥ ಮಕರದ ಬಾಯಿ ಇರುತ್ತದೆ. ಶಿವನ ಗುಡಿಯಲ್ಲಿ ಅದನ್ನು ದಾಟದೆ ಅಲ್ಲಿಂದಲೇ ಹಿಂದಿರುಗುವ ಪದ್ಧತಿ ಇದೆ. ಅಲ್ಲಿನವರು ಹೇಗೆ ನಡೆಯುತ್ತಾರೋ ನೋಡಿಕೊಂಡು ಹಾಗೆಯೇ ನಡೆಯಿರಿ.

ಗೋಡೆಯ ಮೇಲಿನ ಕತೆ

ಇದಕ್ಕೆ ತರೀಕೆರೆ ಹತ್ತಿರದ ಅಮೃತಾಪುರದಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಹೊಯ್ಸಳ ದೊರೆ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ. ಅಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು. ಮುಖಮಂಟಪದ ಹೊರಗೋಡೆಯ ಮೇಲೆ ಸಾಲಾಗಿ 140 ಚಿತ್ರಗಳಿವೆ. ತೆಂಕಣ ಗೋಡೆಯಲ್ಲಿ ರಾಮಾಯಣದ 70, ಬಡಗಣ ಗೋಡೆಯಲ್ಲಿ ಕೃಷ್ಣನ ಕತೆ 25, ಭಾರತದ ಕತೆ 45.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ತೆಂಕಣ ಗೋಡೆಯ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ನಾನು ಮೊದಲ ಸಲ ಹೋದಾಗ ಪ್ರದಕ್ಷಿಣೆ ಹಾಕುತ್ತಲೇ ನೋಡುತ್ತಾ ಹೋದೆ. ಯಾವುದಕ್ಕೂ ತಾಳೆ ಸಿಗಲಿಲ್ಲ. ಕತೆಯನ್ನು ಕೊನೆಯಿಂದ ಓದುತ್ತಿದ್ದೇನೆ ಅಂತ ಗೊತ್ತಾಗಿದ್ದು ಅರ್ಧ ಗೋಡೆ ಮುಗಿದ ಮೇಲೆ. ಅದಕ್ಕೆ ಮೊದಲು ಪ್ರದಕ್ಷಿಣೆ ಮುಗಿಸಿಬಿಡಿ. ಆಮೇಲೆ ತೆಂಕಣ ಗೋಡೆಯ ಪಡುವಣ ತುದಿಗೆ ಹೋಗಿ, ಅಲ್ಲಿಂದ ಮೂಡಣಕ್ಕೆ ನಿಧಾನವಾಗಿ ಬನ್ನಿ. ಮಕ್ಕಳಿದ್ದರೆ ಕತೆ ಹೇಳುತ್ತಾ ಬನ್ನಿ. ಬಡಗಣ ಗೋಡೆಯಲ್ಲಿ ಈ ತೊಂದರೆಯಿಲ್ಲ, ಪ್ರದಕ್ಷಿಣೆಯ ದಿಕ್ಕಿನಲ್ಲೇ ಇದೆ.

ಪ್ರತಿ ಚೌಕಟ್ಟಿನಲ್ಲೂ ಮುಖ ನೋಡುವ ಮೊದಲು ಕೆಳಗೆ ನೋಡಿ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಯಾರು ನೆಲಕ್ಕೆ ಬಿದ್ದಿದ್ದಾರೆ, ಯಾರ ಕಾಲು ಓಡುವ ಹಾಗೆ ಮಡಿಸಿದೆ. ಮುಖ ಎಂಟುನೂರು ವರ್ಷದಲ್ಲಿ ಸವೆದಿರಬಹುದು. ಕಾಲುಗಳಿಂದ ಕತೆ ತಿಳಿಯುತ್ತದೆ.

ದೇವರು ಯಾರು ಅಂತ ಪತ್ತೆ ಮಾಡುವುದು

ಇದಕ್ಕೂ ಅದೇ ಸೂತ್ರ. ಮೊದಲು ಪೀಠ ನೋಡಿ. ಅಲ್ಲಿ ವಾಹನ ಕೆತ್ತಿರುತ್ತಾರೆ. ನಂದಿಯಿದ್ದರೆ ಶಿವನ ಕುಟುಂಬ, ಗರುಡನಿದ್ದರೆ ವಿಷ್ಣು, ಹಂಸವಿದ್ದರೆ ಬ್ರಹ್ಮ ಇಲ್ಲವೇ ಸರಸ್ವತಿ, ನವಿಲಿದ್ದರೆ ಸುಬ್ರಹ್ಮಣ್ಯ. ಆಮೇಲೆ ಕೈಗಳು. ಯಾವ ಕೈಯಲ್ಲಿ ಏನಿದೆ ನೋಡಿ. ನಾಲ್ಕು ಕೈಯ ವಿಷ್ಣುವಿನ ಶಂಖ, ಚಕ್ರ, ಗದೆ, ಪದ್ಮಗಳು ಕೈಯಿಂದ ಕೈಗೆ ಜಾಗ ಬದಲಿಸಿದರೆ ಹೆಸರೂ ಬದಲಾಗುತ್ತದೆ. ಸಂಧ್ಯಾವಂದನೆಯಲ್ಲಿ ಕೇಶವ, ನಾರಾಯಣ, ಮಾಧವ ಅಂತ ಹೇಳುವ 24 ಹೆಸರುಗಳು ಬೇರೆ ಬೇರೆ ಮೂರ್ತಿಗಳಾಗುವುದು ಹೀಗೆಯೇ. ಬಾಯಿಪಾಠ ಮಾಡಲು ಹೋಗಬೇಡಿ. ನೋಟ್‌ಬುಕ್‌ನಲ್ಲಿ ನಾಲ್ಕು ಮೂಲೆಗೆ ನಾಲ್ಕು ಹೆಸರು ಬರೆದುಕೊಂಡು ಬನ್ನಿ, ಮನೆಯಲ್ಲಿ ಕೂತು ಪಟ್ಟಿಗೆ ಹೋಲಿಸಿದರೆ ಆಯಿತು. ಮುಖ ಕೊನೆಗೆ.

ಸಾಲಾಗಿ ಏಳು ಹೆಣ್ಣುದೇವತೆಗಳು ಕೂತ ಕಲ್ಲಿನ ಹಲಗೆ ಹಳೇ ಶಿವನ ಗುಡಿಗಳಲ್ಲಿ ಸಿಗುತ್ತದೆ. ಅವರು ಸಪ್ತಮಾತೃಕೆಯರು. ನೋಡಲು ಹೆಚ್ಚಿನವರು ಒಂದೇ ಥರ. ಕಾಲ ಕೆಳಗೆ ನೋಡಿದರೆ ಬಿಡಿಸಬಹುದು. ಹಂಸವಿದ್ದರೆ ಬ್ರಾಹ್ಮಿ, ನಂದಿಯಿದ್ದರೆ ಮಾಹೇಶ್ವರಿ, ನವಿಲಿದ್ದರೆ ಕೌಮಾರಿ, ಗರುಡನಿದ್ದರೆ ವೈಷ್ಣವಿ, ಆನೆಯಿದ್ದರೆ ಇಂದ್ರಾಣಿ. ವಾರಾಹಿಗೆ ಹಂದಿಯ ಮುಖ. ಕೊನೆಗೆ ಹೆಣದ ಮೇಲೆ ಕೂತ ಬಡಕಲು ಮೈಯ ಚಾಮುಂಡಿ. ಎರಡು ತುದಿಯಲ್ಲಿ ಸಾಮಾನ್ಯವಾಗಿ ವೀರಭದ್ರ, ಗಣಪತಿ ಕಾವಲಿರುತ್ತಾರೆ.

ಬಾಗಿಲು, ಮುಚ್ಚಿಗೆ, ಕತ್ತಲು

ಬಾಗಿಲ ಮೇಲೆ, ಕಮಾನಿನ ತುದಿಯಲ್ಲಿ, ಗೋಪುರದ ಮುಂಭಾಗದಲ್ಲಿ ಒಂದು ಗುಡ್ಡೆಗಣ್ಣಿನ ಮುಖ ಕಾಣುತ್ತದೆ. ಕೆಳದವಡೆ ಇರುವುದಿಲ್ಲ. ಮಕ್ಕಳು ಹೆದರುತ್ತಾರೆ. ಅದು ಕೀರ್ತಿಮುಖ. ಜಲಂಧರ ಎಂಬ ಅಸುರ ಕಳಿಸಿದ ರಾಹುವಿನ ಮೇಲೆ ಶಿವನಿಗೆ ಸಿಟ್ಟು ಬಂದು, ಆ ಸಿಟ್ಟಿನಿಂದ ಒಂದು ಹಸಿದ ಭೂತ ಹುಟ್ಟಿತಂತೆ. ರಾಹು ಶರಣಾದ. ಈಗ ನಾನೇನು ತಿನ್ನಲಿ ಎಂದಿತು ಭೂತ. ನಿನ್ನನ್ನೇ ತಿನ್ನು ಎಂದ ಶಿವ. ಅದು ಕಾಲಿನಿಂದ ಶುರು ಮಾಡಿ ತನ್ನ ಮೈಯನ್ನೆಲ್ಲ ತಿಂದು ಮುಖವೊಂದನ್ನೇ ಉಳಿಸಿಕೊಂಡಿತು. ಮೆಚ್ಚಿದ ಶಿವ ಅದಕ್ಕೆ ತನ್ನ ಬಾಗಿಲ ಮೇಲೇ ಜಾಗ ಕೊಟ್ಟ. ಈ ಕತೆ ಸ್ಕಾಂದಪುರಾಣದ್ದು. ಅಮೃತಾಪುರದ ಗೋಪುರದಲ್ಲಿ ಇವುಗಳ ಸಾಲೇ ಇದೆ.

ಒಳಗೆ ಹೋದ ತಕ್ಷಣ ಟಾರ್ಚ್ ಹಾಕಬೇಡಿ. ಎರಡು ಮೂರು ನಿಮಿಷ ಸುಮ್ನೆ ನಿಲ್ಲಿ. ಬೆಳಕು ಹೊಸಿಲಿನಿಂದ ಹೊಸಿಲಿಗೆ ಕಡಿಮೆಯಾಗುತ್ತಾ ಹೋಗಿ ಕೊನೆಗೆ ಒಂದು ನಂದಾದೀಪ ಮಾತ್ರ ಉಳಿಯುವ ಹಾಗೆ ಕಟ್ಟಿದ್ದಾರೆ. ಕಣ್ಣು ಹೊಂದಿಕೊಂಡ ಮೇಲೆ ಕಾಣುವ ಲಿಂಗವೇ ಬೇರೆ.

ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ ಮುಚ್ಚಿಗೆ (ಒಳಮಾಡು) ನೋಡಲು ಕತ್ತು ಎತ್ತಿ ನಿಂತರೆ ಐದು ನಿಮಿಷಕ್ಕೆ ತಲೆ ಸುತ್ತುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಾಕಿ, ಅಂಗೈಯಲ್ಲಿ ಅಂಗಾತ ಹಿಡಿದುಕೊಳ್ಳಿ. ಮುಚ್ಚಿಗೆಯೇ ಕೈಗೆ ಇಳಿದು ಬರುತ್ತದೆ. ಮನೆಯಿಂದ ಒಂದು ಸಣ್ಣ ಕನ್ನಡಿ ತಂದರೂ ಸರಿ. ಅಷ್ಟದಿಕ್ಪಾಲಕರು ಇದ್ದರೆ ಮೂಡಣ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಅಲ್ಲಿ ಆನೆಯ ಮೇಲೆ ಇಂದ್ರ. ತೆಂಕಣಕ್ಕೆ ಕೋಣದ ಮೇಲೆ ಯಮ, ಪಡುವಣಕ್ಕೆ ಮಕರದ ಮೇಲೆ ವರುಣ. ಈ ಮೂರು ಸಿಕ್ಕರೆ ಉಳಿದವರು ತಾವೇ ಸಿಗುತ್ತಾರೆ.

ಕೆಳದಿಗೆ ಹೋದರೆ ವೀರಭದ್ರ ಗುಡಿಯ ಮುಚ್ಚಿಗೆಯ ಗಂಡಭೇರುಂಡವನ್ನು ಮರೆಯಬೇಡಿ. ಎರಡು ತಲೆಯ ಹಕ್ಕಿ, ಆನೆ ಸಿಂಹಗಳನ್ನು ಹಿಡಿದುಕೊಂಡಿದೆ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ತುದಿಯಲ್ಲೂ ಗಂಡಭೇರುಂಡ ಇದೆ. ಆದರೆ ಅಲ್ಲಿ ಮೈ ಮನುಷ್ಯನದು, ತಲೆ ಮಾತ್ರ ಹಕ್ಕಿಯವು. ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಜಿಲ್ಲೆಯೊಳಗೆ ಕೆಲವು ನೂರು ವರ್ಷದಲ್ಲಿ ಒಂದು ಕಲ್ಪನೆ ಎಷ್ಟು ರೂಪ ಬದಲಿಸಿದೆ ಗೊತ್ತಾಗುತ್ತದೆ.

ವೀರಗಲ್ಲನ್ನು ದಾಟಿ ಹೋಗಬೇಡಿ

ಗುಡಿಯ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಕೆಲವು ಕಡೆ ಅಡಿಕೆ ತೋಟದ ಬೇಲಿಯಲ್ಲೂ ವೀರಗಲ್ಲುಗಳು ನಿಂತಿವೆ. ಶಿವಮೊಗ್ಗ ಪೇಟೆಯಲ್ಲೇ ಇರುವವರು ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಇವನ್ನೂ ಕೆಳಗಿನಿಂದ ಮೇಲಕ್ಕೇ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ಅಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗುವ ದಾಳಿ. ಊರಿನ ದನ ಬಿಡಿಸಲು ಹೋಗಿ ಸತ್ತವನು ಅವನು. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಅಂಕಣದಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೂ ಈ ಹೆಸರು ಉಳಿಯಲಿ ಅಂತ. ಪಕ್ಕದಲ್ಲಿ ಮಡಚಿ ಎತ್ತಿದ ಒಂದೇ ಕೈ, ಕೈತುಂಬ ಬಳೆ ಇರುವ ಕಲ್ಲಿದ್ದರೆ ಅದು ಮಾಸ್ತಿಗಲ್ಲು, ಗಂಡನ ಜೊತೆ ಚಿತೆ ಏರಿದವಳ ನೆನಪಿನ ಕಲ್ಲು. ಅದರ ಮುಂದೆ ನನಗೆ ಯಾವಾಗಲೂ ಗಂಟಲು ಕಟ್ಟುತ್ತದೆ.

ತಾಳಗುಂದದ ಪ್ರಣವೇಶ್ವರನ ಎದುರಿಗೆ ಕದಂಬರ ಕಂಬವಿದೆ. ಐದನೇ ಶತಮಾನದ್ದು, ಪದ್ಯ ಬರೆದವನು ಕುಬ್ಜ ಎಂಬ ಕವಿ. ಆ ಶಾಸನದ ಸಾಲುಗಳು ಕಂಬದ ಬುಡದಿಂದ ಮೇಲಕ್ಕೆ ಹತ್ತುತ್ತವೆ. ಬುಡದಲ್ಲಿ ಕೂತು, ಕತ್ತು ವಾರೆ ಮಾಡಿ ನೋಡಬೇಕು.

ಗುಡಿಯ ಎದುರಿಗೆ ವಚನ

ಕೊನೆಯ ಹೆಜ್ಜೆ ಇದು. ಬಳ್ಳಿಗಾವಿಯಲ್ಲಿ ಮಾಡಿ ಅನ್ನುತ್ತೇನೆ. ಶಿರಾಳಕೊಪ್ಪದ ಹತ್ತಿರ, ಶಿಕಾರಿಪುರ ತಾಲ್ಲೂಕು. ಕೇದಾರೇಶ್ವರನ ತ್ರಿಕೂಟ ಗುಡಿಯ ಮೂರು ಗರ್ಭಗುಡಿಗಳಲ್ಲಿ ಎರಡರಲ್ಲಿ ಲಿಂಗ, ಬಡಗಣದ್ದರಲ್ಲಿ ವಿಷ್ಣು. ಮೇಲೆ ಹೇಳಿದ ಹಾಗೆ ಪಾದದಿಂದ ಕಳಸದವರೆಗೆ ಎಲ್ಲ ನೋಡಿ ಮುಗಿಸಿ. ಆಮೇಲೆ ಎದುರಿನ ಹುಲ್ಲಿನ ಮೇಲೆ ಕೂತು ಬಸವಣ್ಣನ ಈ ಸಾಲನ್ನು ಗಟ್ಟಿಯಾಗಿ ಹೇಳಿಕೊಳ್ಳಿ: “ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ.”

ಶಾಲೆಯಲ್ಲಿ ನೂರು ಸಲ ಹೇಳಿದ್ದೇವೆ. ಗುಡಿ ಎದುರಿಗಿದ್ದಾಗ ಹೇಳಿದರೆ ಬೇರೆಯೇ ಕೇಳಿಸುತ್ತದೆ. ಕಾಲು, ದೇಹ, ಶಿರ. ಕಂಬ, ದೇಗುಲ, ಕಳಸ. ನಿಮ್ಮ ಕಣ್ಣು ಈಗಷ್ಟೇ ಹತ್ತಿದ ಮೆಟ್ಟಿಲುಗಳೇ ಅವು! ಶಿಲ್ಪಿ ಮನುಷ್ಯನ ದೇಹ ನೋಡಿ ಗುಡಿ ಕಟ್ಟಿದ. ಬಸವಣ್ಣ ಗುಡಿಯ ಹೆಸರುಗಳನ್ನೆಲ್ಲ ಬಡವನ ದೇಹಕ್ಕೆ ವಾಪಸು ತಂದ. ದೇಹವೇ ದೇವಾಲಯ ಎನ್ನುವ ಮಾತು ಮೈತ್ರೇಯಿ ಉಪನಿಷತ್ತಿನಲ್ಲೂ ಇದೆ. ಆದರೆ ಉಳ್ಳವರು ಕಟ್ಟಿಸುತ್ತಾರೆ, ನಾನು ಬಡವ ಎಂಬ ನೋವಿನಿಂದ ಅದನ್ನು ಶುರು ಮಾಡಿದ್ದು ಬಸವಣ್ಣ. ಗುಡಿಯ ಚೆಲುವನ್ನು ಕಣ್ತುಂಬ ನೋಡಿದವರಿಗೆ ಆ ನೋವು ಜಾಸ್ತಿ ತಟ್ಟುತ್ತದೆ ಎಂದು ನನಗೆ ಅನಿಸುತ್ತದೆ.

ಅಲ್ಲಿಂದ ಎದ್ದು ತ್ರಿಪುರಾಂತಕೇಶ್ವರಕ್ಕೆ ಹೋಗಿ. ಬಾಗಿಲ ಪಕ್ಕದ ಜಾಲಂಧ್ರಗಳನ್ನು, ಅಂದರೆ ಕಲ್ಲಿನ ಜಾಲರಿಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಪಂಚತಂತ್ರದ ಕತೆಗಳಿವೆ, ಬಗ್ಗಿ ನೋಡಬೇಕು. ಅಲ್ಲಮಪ್ರಭು ಹುಟ್ಟಿದ ಊರು ಇದು. ಗುಡಿಯಲ್ಲಿ ಮದ್ದಳೆ ನುಡಿಸುತ್ತಿದ್ದವನು ಎನ್ನುತ್ತಾರೆ. ಕುಣಿಯುವವರ, ವಾದ್ಯ ನುಡಿಸುವವರ ಕೆತ್ತನೆ ಕಂಡಾಗ ಅವನನ್ನು ನೆನೆಯಿರಿ. ಇಂಥ ಊರಿನಲ್ಲಿ ಬೆಳೆದವನೇ ಮುಂದೆ “ಕಲ್ಲ ಮನೆಯ ಮಾಡಿ, ಕಲ್ಲ ದೇವರ ಮಾಡಿ, ಆ ಕಲ್ಲು ಕಲ್ಲ ಮೇಲೆ ಕೆಡೆದರೆ ದೇವರೆತ್ತ ಹೋದರೋ?” ಎಂದು ಕೇಳಿದ. ಅಂಗಳದಲ್ಲಿ ಮುರಿದು ಬಿದ್ದ ಕಲ್ಲುಗಳ ನಡುವೆ ನಿಂತು ಕೇಳಿಸಿಕೊಳ್ಳಬೇಕಾದ ಪ್ರಶ್ನೆ ಅದು. ಉತ್ತರ ಹುಡುಕುವ ಅವಸರ ಬೇಡ.

ಹೊತ್ತಿದ್ದರೆ ಅಕ್ಕಮಹಾದೇವಿಯ ಉಡುತಡಿಗೂ ಹೋಗಿಬನ್ನಿ, ಅದೂ ಶಿರಾಳಕೊಪ್ಪದ ಹತ್ತಿರವೇ. ದಿನವಿಡೀ ರೂಪಗಳನ್ನು ನೋಡಿ ದಣಿದ ಕಣ್ಣಿಗೆ, “ರೂಹಿಲ್ಲದ ಚೆಲುವಂಗೆ ನಾನೊಲಿದೆ” ಎಂದ ಅಕ್ಕನ ಊರಿನಲ್ಲಿ ಸಂಜೆ ಕಳೆಯುವುದು ಹಿತವಾಗಿರುತ್ತದೆ.

ನೋಟ್‌ಬುಕ್‌ನಲ್ಲಿ ಏನು ಬರೆಯುವುದು ಅಂತ ಕೇಳುತ್ತೀರಿ. ತಾರೀಕು, ಊರು, ಕಂಡದ್ದು ಅಷ್ಟೇ. ಗೊತ್ತಿಲ್ಲದಿದ್ದರೆ ಹೆಸರು ಬರೆಯಬೇಡಿ, ಕಂಡ ಹಾಗೆ ಬರೆಯಿರಿ. ಇಕ್ಕೇರಿಯಿಂದ ಬಂದ ಮೇಲೆ ದೊಡ್ಡಮ್ಮನಿಗೂ ಒಂದು ನೋಟ್‌ಬುಕ್ ಕೊಡಿಸಿದೆ. ಮೊನ್ನೆ ನಮ್ಮ ಕಡೆಯ ಒಂದು ಪಾಳು ಗುಡಿಗೆ ಹೋಗಿದ್ದೆವು. ನಾನು ಗೋಪುರ ನೋಡುತ್ತಿದ್ದಾಗ ಅವರು ಕನ್ನಡಕ ಹಾಕಿಕೊಂಡು ಒಂದು ಕಲ್ಲಿನ ಹಲಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಬರೆದದ್ದು ಎರಡೇ ಸಾಲು: “ಏಳು ಜನ ಹೆಂಗಸರು. ಮೂರನೆಯವಳ ಕಾಲಡಿ ನವಿಲು.”